ಮಾವನವರು ಬೆಟ್ಟದ ಮೇಲೆ ಇಳಿಯಲಿಲ್ಲ

ಹೇಳಲು ಕಷ್ಟವಾದ ಮಾತು ಯಾವುದಾದರೂ ಇದ್ದರೆ, ನಮ್ಮ ಮನೆಯಲ್ಲಿ ಅದನ್ನು ಹೇಳುವ ಕೆಲಸ ನನಗೆ ಬರುತ್ತದೆ. ಪಕ್ಕದ ಮನೆಯ ಬೆಕ್ಕು ನಮ್ಮ ಕೊತ್ತಂಬರಿ ಸೊಪ್ಪಿನ ಕುಂಡವನ್ನು ತನ್ನ ಬಚ್ಚಲೆಂದು ತಿಳಿದುಕೊಂಡಾಗ ಹೋಗಿ ಹೇಳಿದವಳು ನಾನು. ಗಂಡನ ಗೆಳೆಯನೊಬ್ಬ ಬಾಡಿಗೆ ಮನೆ ಸಿಗುವ ತನಕ ನಾಲ್ಕು ದಿನ ಇರುತ್ತೇನೆಂದು ಬಂದು ಏಳು ವಾರ ಉಳಿದಾಗ, ಅವನ ಮುಂದೆ ಕಾಫಿ ಲೋಟ ಇಟ್ಟು ಗಂಟಲು ಸರಿಮಾಡಿಕೊಂಡವಳೂ ನಾನೇ. "ನೀನು ಚೆನ್ನಾಗಿ ಮಾತಾಡ್ತೀಯ, ನಿಂಗೆ ಅದು ಬರತ್ತೆ" ಎಂದು ನನ್ನ ಗಂಡ ಗಿರೀಶ ಹೇಳುತ್ತಾನೆ. ಮದುವೆಯಾದ ಹೊಸದರಲ್ಲಿ ಇದನ್ನು ಹೊಗಳಿಕೆ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇದು ಸರ್ಕಾರಿ ಕಚೇರಿಯಲ್ಲಿ ಕಡತವನ್ನು ಪಕ್ಕದ ಮೇಜಿಗೆ ದಾಟಿಸುವ ಹಾಗೆ. ನಿಜ ಹೇಳಬೇಕೆಂದರೆ ನನಗೆ ಮಾತು ಬರುವುದಿಲ್ಲ, ಸುತ್ತಿ ಬಳಸುವುದಷ್ಟೇ ಬರುತ್ತದೆ. ಆ ಗೆಳೆಯನ ಎದುರು ಮುಕ್ಕಾಲು ಗಂಟೆ ಮಾತಾಡಿದೆ. ಎಲ್ಲ ಕೇಳಿ ಅವನು ಬಹಳ ಭಾವುಕನಾಗಿ ಇನ್ನೂ ಒಂದು ವಾರ ಉಳಿದ. ನಾವಿರುವುದು ಡಚ್ಚರ ದೇಶದಲ್ಲಿ, ಅವರು ನೇರ ಮಾತಿನವರು, ಅವರ ನಡುವೆ ಇದ್ದರೆ ಕಲಿಯಬಹುದು ಎಂದರೆ ಅದೂ ಆಗಲಿಲ್ಲ. ನ್ಯೂವೆಗೈನ್‌ನ ನನ್ನ ಆಫೀಸಿನಲ್ಲಿ ಒಮ್ಮೆ ನಾನು ಅರ್ಧ ಗಂಟೆ ಏನನ್ನೋ ವಿವರಿಸಿ ಮುಗಿಸಿದಾಗ ನನ್ನ ಮೇಲಧಿಕಾರಿಣಿ, ಉದ್ದವಾಯಿತು, ಅರ್ಥವೂ ಆಗಲಿಲ್ಲ ಎಂದು ಹೇಳಿ, ಎದ್ದು ಹೋಗಿ ನನಗೊಂದು ಕಾಫಿ ತಂದುಕೊಟ್ಟಳು. ಎಂಟು ವರ್ಷದಿಂದ ಆ ಕಾಫಿ ಕುಡಿಯುತ್ತಿದ್ದೇನೆ, ಆ ವಿದ್ಯೆ ಮಾತ್ರ ಬಂದಿಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಮಾವನವರು ಜೂಟರ್‌ಮೀರ್‌ನ ನಮ್ಮ ಮನೆಗೆ ಮೂರು ತಿಂಗಳಿಗೆಂದು ಬಂದರು. ಅರಸೀಕೆರೆಯವರು, ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾವಾಗಲೂ ಅತ್ತೆಯ ಜೊತೆಗೇ ಬರುವವರು, ಈ ಸಲ ಅತ್ತೆ ಮಗಳ ಬಾಣಂತನಕ್ಕೆ ನಿಂತುಬಿಟ್ಟಿದ್ದರಿಂದ ಒಬ್ಬರೇ ಬಂದಿದ್ದರು. ಜೀವಮಾನವಿಡೀ ಗುಡ್ಡ ಹತ್ತಿ ಇಳಿದು ಎತ್ತರ ಬರೆದುಕೊಂಡ ಮನುಷ್ಯನಿಗೆ ಈ ದೇಶ ಒಂದು ದೊಡ್ಡ ಒಗಟಾಯಿತು. ಮನೆ ಇರುವುದು ಸಮುದ್ರಮಟ್ಟಕ್ಕಿಂತ ಕೆಳಗೆ ಎಂದು ಗಿರೀಶ ಹೆಮ್ಮೆಯಿಂದ ಹೇಳಿದ ಮೇಲೆ ಎರಡು ದಿನ ಅವರು ಮನೆಯೊಳಗೆ ಹೆಜ್ಜೆಯನ್ನು ಮೆಲ್ಲಗೆ ಇಡುತ್ತಿದ್ದರು. ಮೂರನೆಯ ದಿನ, ಇಲ್ಲಿ ಎಲ್ಲಾದರೂ ಒಂದು ಬೆಟ್ಟ ಅಂತ ಇದೆಯೇ ಎಂದು ಕೇಳಿದರು. ಇದೆ, ತೋರಿಸುತ್ತೇವೆ ಎಂದೆವು. ದೇಶದ ತೀರ ದಕ್ಷಿಣದ ತುದಿಯಲ್ಲಿ, ಲಿಂಬರ್ಗ್ ಪ್ರಾಂತ್ಯದಲ್ಲಿ ನೆಲ ಸ್ವಲ್ಪ ಉಬ್ಬಿದೆ. ಅದನ್ನು ಇಲ್ಲಿಯವರು ಬೆಟ್ಟ ಎಂದು ಕರೆಯುತ್ತಾರೆ. ಬೇಸಿಗೆಯಲ್ಲಿ ಜನ ಹೆಂಡಿರು ಮಕ್ಕಳ ಸಮೇತ ಅಲ್ಲಿಗೆ ಹೋಗಿ ಎತ್ತರದಿಂದ ಕೆಳಗೆ ನೋಡುವ ಸುಖವನ್ನು ಅನುಭವಿಸಿ ಬರುತ್ತಾರೆ. ಹತ್ತಲು ಕೇಬಲ್ ಕಾರ್ ಕೂಡ ಇದೆ.

ಆದರೆ ಬೆಟ್ಟ ತೋರಿಸುವುದಕ್ಕೆ ಮೊದಲೇ ನಮಗೆ ಬೇರೊಂದು ಚಿಂತೆ ಹತ್ತಿಕೊಂಡಿತು. ಮಾವನವರು ಏನೋ ಸರಿ ಇಲ್ಲ ಅನ್ನಿಸತೊಡಗಿತು. ಕಾಫಿ ಕೊಡಲೇ ಎಂದು ಕೇಳಿದರೆ, ನಾಳೆ ನೋಡೋಣ ಎನ್ನುತ್ತಿದ್ದರು. ಇವತ್ತು ಯಾವ ವಾರ ಎಂದು ಗಿರೀಶ ಸುಮ್ಮನೆ ಪರೀಕ್ಷಿಸಲು ಕೇಳಿದರೆ, ಖಾರ ಸರಿಯಾಗಿದೆ ಎಂದರು. ಕಾರು ಹತ್ತಲು ಹೊರಟಾಗಲೆಲ್ಲ ನೇರ ಎಡಗಡೆಗೆ ಹೋಗಿ ಸ್ಟೀರಿಂಗ್ ಹಿಂದೆ ಕೂತುಬಿಡುತ್ತಿದ್ದರು. ಒಂದು ಮಧ್ಯಾಹ್ನ ವಾಕಿಂಗ್ ಹೋದವರು ನಮ್ಮ ಮನೆಯೆಂದು ತಿಳಿದು ನಾಲ್ಕು ಮನೆ ಆಚೆಯ ಬಾಗಿಲಿಗೆ ಕೀಲಿ ಹಾಕಿ ತಿರುಗಿಸುತ್ತಿದ್ದರಂತೆ. ಅಲ್ಲಿನ ಅಜ್ಜಿ ಕೈಹಿಡಿದು ಕರೆತಂದಳು. ನಮ್ಮ ಸಾಲಿನ ಮನೆಗಳೆಲ್ಲ ಒಂದೇ ಅಚ್ಚಿನ ಇಡ್ಲಿಗಳ ಹಾಗಿವೆ, ನಾನೇ ಮೊದಲ ವರ್ಷ ಎರಡು ಸಲ ಹೀಗೆ ಮಾಡಿದ್ದೇನೆ. ಆದರೆ ಚಿಂತೆ ಹತ್ತಿದವರಿಗೆ ಅದೆಲ್ಲ ನೆನಪಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ನಮ್ಮನ್ನು ಹೆದರಿಸಿದ್ದು ಬೆಳಗಿನ ಗೊಣಗಾಟ. ದಿನವೂ ಎದ್ದವರೇ ಹಿತ್ತಲಿನ ಕುರ್ಚಿಯಲ್ಲಿ ಕೂತು ಕಣ್ಣುಮುಚ್ಚಿ ತಮ್ಮಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದರು. ವಿಷ್ಣು ಸಹಸ್ರನಾಮವಿರಬಹುದೆಂದು ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಅಲ್ಲ. ಒಂದು ಜಾಗದ ಹೆಸರು, ಅದರ ಹಿಂದೆ ಒಂದು ಸಂಖ್ಯೆ. ಇನ್ನೊಂದು ಜಾಗ, ಇನ್ನೊಂದು ಸಂಖ್ಯೆ. ಹೀಗೆ ಇಪ್ಪತ್ತು ನಿಮಿಷ.

ಮರೆವಿನ ಕಾಯಿಲೆ ಹೀಗೇ ಶುರುವಾಗುತ್ತದೆ ಎಂದು ಗಿರೀಶ ಎಲ್ಲೆಲ್ಲಿಯೋ ಓದಿಕೊಂಡು ಬಂದು ಹೇಳಿದ. ಹೇಳುವಾಗ ಅವನ ಮುಖ ಸಣ್ಣಗಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ, ಏನೇನು ತಪ್ಪು ಕಂಡೆವೆಂದು ಇಬ್ಬರೂ ಪಿಸುಮಾತಿನಲ್ಲಿ ಪಟ್ಟಿ ಮಾಡಿದೆವು. ಡಾಕ್ಟರಿಗೆ ತೋರಿಸಲೇಬೇಕು, ಊರಿಗೆ ಹೋಗುವುದಕ್ಕೆ ಮೊದಲು ಅವರಿಗೆ ವಿಷಯ ಹೇಳಲೇಬೇಕು ಎಂದು ತೀರ್ಮಾನವಾಯಿತು. ಯಾರು ಹೇಳಬೇಕು ಎಂಬ ಪ್ರಶ್ನೆ ಬರಲಿಲ್ಲ. ಗಿರೀಶ ನನ್ನನ್ನು ನೋಡಿದ, ನಾನು ಕಿಟಕಿ ನೋಡಿದೆ. ಆ ಶನಿವಾರ ಮಗಳಿಗೆ ಈಜಿನ ಮೊದಲ ಡಿಪ್ಲೊಮಾ ಪರೀಕ್ಷೆ ಇತ್ತು, ಬಟ್ಟೆ ಬೂಟು ತೊಟ್ಟೇ ನೀರಿಗೆ ಹಾರಿ ಈಜಬೇಕು. ಈ ದೇಶದಲ್ಲಿ ಎಸ್ಸೆಸ್ಸೆಲ್ಸಿಗಿಂತ ದೊಡ್ಡದು ಅದು. ಅಪ್ಪನೇ ಬರಬೇಕೆಂದು ಅವಳು ಡಚ್ಚಿನಲ್ಲೂ ಇಂಗ್ಲಿಷಿನಲ್ಲೂ ಹಟ ಹಿಡಿದಿದ್ದಳು. ಹಾಗಾಗಿ ನಾನೊಬ್ಬಳೇ ಮಾವನವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವುದು, ದಾರಿಯಲ್ಲಿ ಮೆಲ್ಲಗೆ ವಿಷಯ ಎತ್ತುವುದು ಎಂದಾಯಿತು. ಮಾವನವರ ಮುಂದೆ ಅವರದೇ ತಲೆಯ ಬಗ್ಗೆ ಸೊಸೆಯಾದವಳು ಹೇಗೆ ಮಾತು ತೆಗೆಯುತ್ತಾಳೆ? ಹಿಂದಿನ ಎರಡು ದಿನ ಸ್ನಾನ ಮಾಡುವಾಗ ಅಭ್ಯಾಸ ಮಾಡಿದೆ.

ಬೆಳಿಗ್ಗೆ ಒಂಬತ್ತೂವರೆಗೆ ಚಿತ್ರಾನ್ನ, ಮೊಸರು, ಅವರ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಹೊರಟೆವು. ಅವರು ಎಂದಿನಂತೆ ಸ್ಟೀರಿಂಗ್ ಕಡೆಗೆ ಹೋದರು, ನಾನು ಎಂದಿನಂತೆ ಕೈಹಿಡಿದು ಆಚೆ ಕೂರಿಸಿದೆ. ಎರಡೂವರೆ ಗಂಟೆಯ ದಾರಿ. ಯೂಟ್ರೆಕ್ಟ್ ದಾಟುವ ತನಕ ಹವಾಮಾನ ಮಾತಾಡಿದೆ. ಆಮೇಲೆ ಧೈರ್ಯ ತಂದುಕೊಂಡು, ಕಣ್ಣು ರಸ್ತೆಯ ಮೇಲೇ ಇಟ್ಟು, ಶುರುಮಾಡಿದೆ. ಅವರ ಮುಖ ನೋಡಿದರೆ ಮಾತು ನಿಲ್ಲುತ್ತದೆಂದು ಪಕ್ಕಕ್ಕೆ ತಿರುಗಲೇ ಇಲ್ಲ. ವಯಸ್ಸಾದ ಮೇಲೆ ದೇಹದ ಎಲ್ಲ ಭಾಗದ ಹಾಗೆ ಮಿದುಳಿಗೂ ದಣಿವಾಗುತ್ತದೆ, ಅದರಲ್ಲಿ ನಾಚಿಕೆಯೇನೂ ಇಲ್ಲ, ಬೇಗ ತೋರಿಸಿದರೆ ಒಳ್ಳೆಯದು, ನಾವು ಜೊತೆಗಿರುತ್ತೇವೆ, ನೀವು ನನಗೆ ತಂದೆಯ ಹಾಗೆ ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಒಂದು ಗಂಟೆಯಾದರೂ ಮಾತಾಡಿರಬೇಕು. ಕೊನೆಗೆ, ಏನಂತೀರಿ ಮಾವ ಎಂದು ತಿರುಗಿ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು.

"ಹೌದಮ್ಮ, ಹಸುಗಳು ದಷ್ಟಪುಷ್ಟವಾಗಿವೆ" ಎಂದರು.

ಕೇಳಿಯೂ ಮಾತು ಮರೆಸಿದರೋ? ಕೇಳಿದ್ದು ಆ ಕ್ಷಣಕ್ಕೇ ಮರೆತುಹೋಯಿತೋ? ಇಲ್ಲ, ಸೊಸೆಗೆ ಇದಕ್ಕಿಂತ ಮರ್ಯಾದೆಯ ಉತ್ತರ ಇಲ್ಲವೆಂದು ಹೀಗೆ ಹೇಳಿದರೋ? ಇನ್ನೊಂದು ಸಲ ಮೊದಲಿನಿಂದ ಹೇಳುವ ಶಕ್ತಿ ನನ್ನಲ್ಲಿ ಇರಲಿಲ್ಲ. ಹೌದು ಮಾವ, ಇಲ್ಲಿ ಹುಲ್ಲು ಚೆನ್ನಾಗಿದೆ ಎಂದೆ. ಮಿಕ್ಕ ದಾರಿಯನ್ನು ಇಬ್ಬರೂ ಹಸು ನೋಡುತ್ತ ಕಳೆದೆವು.

ಕೇಬಲ್ ಕಾರ್ ಎಂದರೆ ಗಾಜಿನ ಪೆಟ್ಟಿಗೆ, ಒಳಗೆ ಕೂತು ಬಾಗಿಲು ಹಾಕಿಕೊಂಡರಾಯಿತು ಎಂದು ತಿಳಿದಿದ್ದೆ. ಅಲ್ಲಿ ನೋಡಿದರೆ ಕಾಲು ಜೋತುಬಿಟ್ಟು ಕೂರುವ ಇಬ್ಬರ ಕುರ್ಚಿಗಳು. ತಂತಿಗೆ ನೇತುಹಾಕಿದ ಉಯ್ಯಾಲೆಗಳ ಹಾಗೆ ಒಂದರ ಹಿಂದೆ ಒಂದು ಬರುತ್ತವೆ, ಯಾರಿಗೂ ಕಾಯುವುದಿಲ್ಲ. ಒಂದು ಕಡೆಯಿಂದ ಹತ್ತುವವರು, ಪಕ್ಕದ ತಂತಿಯಲ್ಲಿ ಎದುರಿಗೆ ಇಳಿದು ಬರುವವರು. ನೆಲದ ಮೇಲೆ ಗುರುತು ಮಾಡಿದ ಜಾಗದಲ್ಲಿ ನಿಂತರೆ ಕುರ್ಚಿ ಹಿಂದಿನಿಂದ ಬಂದು ಮಂಡಿಗೆ ತಾಕುತ್ತದೆ, ತಾಕಿದ ಕೂಡಲೇ ಕೂರಬೇಕು. ಇಬ್ಬರೂ ನಿಂತೆವು. ಅಷ್ಟರಲ್ಲಿ ಗಾಳಿಗೆ ಮಾವನವರ ಕಿತ್ತಳೆ ಬಣ್ಣದ ಟೋಪಿ ಹಾರಿತು. ಮೊಮ್ಮಗಳು ತೆಗೆದುಕೊಟ್ಟ ಟೋಪಿಯಲ್ಲವೇ ಎಂದು ನಾನು ಬಗ್ಗಿ ಎತ್ತಿಕೊಂಡೆ. ಎದ್ದು ನೋಡುವಾಗ ಮಾವನವರು ಗಂಭೀರವಾಗಿ ಕುರ್ಚಿಯಲ್ಲಿ ಕೂತು ಆಕಾಶಕ್ಕೆ ಏರುತ್ತಿದ್ದರು. ಅವರ ಹಿಂದಿನ ಖಾಲಿ ಕುರ್ಚಿಯೂ ಹೋಯಿತು. ಮೂರನೆಯದಕ್ಕೆ ನಾನು ಕೂತೆ, ಮಡಿಲಲ್ಲಿ ಅವರ ಚೀಲ, ಅವರ ಟೋಪಿ, ಅವರ ಮಾತ್ರೆ, ಅವರ ಫೋನು.

ಮಾವ, ನಾನು ಹಿಂದೇ ಇದೀನಿ ಎಂದು ಕೂಗಿದೆ. ಅವರು ತಿರುಗಲಿಲ್ಲ. ಕೆಳಗೆ ಊರಿನ ಮಾಡುಗಳು, ಚರ್ಚಿನ ಗೋಪುರ, ಆಮೇಲೆ ಬರೀ ಮರದ ತಲೆಗಳು. ಸುಂದರವಾಗಿತ್ತು ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ, ಆಗ ನಾನು ನೋಡುತ್ತಿದ್ದುದು ಅವರ ಬೋಳುತಲೆಯೊಂದನ್ನೇ. ಕೆಲವೇ ನಿಮಿಷದಲ್ಲಿ ಮೇಲಿನ ನಿಲ್ದಾಣ ಬಂತು. ಮುಂದಿನವರೆಲ್ಲ ಇಳಿದು ಪಕ್ಕಕ್ಕೆ ಸರಿಯುವುದು ಕಾಣುತ್ತಿತ್ತು. ಮಾವನವರ ಕುರ್ಚಿಯೂ ಒಳಗೆ ಹೋಯಿತು. ಅಲ್ಲಿ ಜನರನ್ನು ಇಳಿಸಲು ನಿಂತಿದ್ದ ಹೆಂಗಸು ಅವರ ಎಡಗಡೆಯಿಂದ ಬಗ್ಗಿ ಏನೋ ಕೇಳಿದಳು. ಮಾವನವರು ಕೈಯೆತ್ತಿ ಏನೋ ಹೇಳಿದರು. ಆಕೆ ನಕ್ಕು ಹಿಂದೆ ಸರಿದಳು. ಕುರ್ಚಿ ದೊಡ್ಡ ಚಕ್ರವನ್ನು ಸುತ್ತಿಕೊಂಡು, ಮಾವನವರ ಸಮೇತ, ಪಕ್ಕದ ತಂತಿಯಲ್ಲಿ ನನ್ನ ಎದುರಿಗೇ ಬರತೊಡಗಿತು.

"ಇಳೀಬೇಡಮ್ಮ, ಇದು ನಡುವಿನ ಸ್ಟಾಪು" ಎಂದು ಅವರು ನನ್ನ ಪಕ್ಕದಲ್ಲಿ ಹಾದುಹೋಗುತ್ತ ಹೇಳಿದರು.

ಮಾವ, ಅದೇ ಕೊನೆ, ಇಳೀಬೇಕಿತ್ತು ಎಂದು ನಾನು ಅರಚಿದೆ. ಗಾಳಿ ಚೆನ್ನಾಗಿದೆ ಎಂದು ಅವರು ತಲೆಯಾಡಿಸಿ ಕೆಳಗೆ ಹೋದರು.

ನಾನು ಇಳಿದು ಆ ಹೆಂಗಸಿನ ಬಳಿ ಓಡಿದೆ. ಇಳಿಯುತ್ತೀರಾ ಎಂದು ಕೇಳಿದ್ದಕ್ಕೆ ಅವರು ಯೆಸ್ ಯೆಸ್, ವೆರಿ ನೈಸ್ ಎಂದರಂತೆ, ಕೂತೇ ಇದ್ದುದರಿಂದ ಇನ್ನೊಂದು ಸುತ್ತು ಹೋಗುವ ಆಸೆ ಎಂದುಕೊಂಡಳಂತೆ. ನೀವು ಇಲ್ಲೇ ಇರಿ, ಹೋದವರು ತಿರುಗಿ ಬರುತ್ತಾರೆ, ಇದು ಸುತ್ತುವ ಯಂತ್ರ ಎಂದು ಸಮಾಧಾನ ಹೇಳಿದಳು. ಅದನ್ನು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ತಾವೆಲ್ಲಿದ್ದೇವೆಂದು ತಿಳಿಯದ ಮುದುಕರು, ಭಾಷೆ ಬಾರದ ಊರು, ಕೈಯಲ್ಲಿ ಫೋನಿಲ್ಲ, ಊಟದ ಹೊತ್ತಾಗಿದೆ, ಸಕ್ಕರೆ ಇಳಿದು ಬಿದ್ದರೆ ಗತಿಯೇನು. ಮೊದಲು ಸಿಕ್ಕ ಕುರ್ಚಿಯಲ್ಲಿ ಕೂತು ಕೆಳಗೆ ಹೊರಟೆ. ಹೊರಟವಳು ಗಿರೀಶನಿಗೆ ಫೋನ್ ಮಾಡಿದೆ. ಈಜುಕೊಳದ ಗದ್ದಲದಲ್ಲಿ ಅವನಿಗೆ ಏನೂ ಕೇಳುತ್ತಿರಲಿಲ್ಲ, ಹಾಗಾಗಿ ಜೋರಾಗಿ ಹೇಳಬೇಕಾಯಿತು.

"ನಿಮ್ಮಪ್ಪಂಗೆ ಮರೆವು ಗ್ಯಾರಂಟಿ ಕಣೋ. ಎಲ್ಲಿ ಇಳೀಬೇಕು ಅಂತಾನೂ ಗೊತ್ತಾಗ್ತಿಲ್ಲ" ಎಂದೆ.

ಹೇಳಿ ಕಣ್ಣೆತ್ತಿದರೆ ಎದುರಿನ ತಂತಿಯಲ್ಲಿ, ನಾಲ್ಕು ಮಾರು ದೂರದಲ್ಲಿ, ಮಾವನವರು ಮೇಲೆ ಬರುತ್ತಿದ್ದಾರೆ. ಫೋನನ್ನು ಚೀಲಕ್ಕೆ ತುರುಕಿ, ಮಾವ, ಮೇಲೆ ಇಳಿದು ಅಲ್ಲೇ ಕೂತ್ಕೊಳಿ ಎಂದು ಕೂಗಿದೆ. ನಾನು ಹತ್ತಿರವಾಗುತ್ತಿದ್ದ ಹಾಗೆ ಅವರು ನನ್ನ ಮುಖ ನೋಡುವುದು ಬಿಟ್ಟು ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸಿಕೊಂಡರು. ಹಾದುಹೋಗುವಾಗ, ನೀನ್ಯಾಕಮ್ಮ ಕೆಳಕ್ಕೆ ಹೋಗ್ತಿದೀಯ ಎಂದು ಕೇಳಿದ್ದು ಮಾತ್ರ ಕಿವಿಗೆ ಬಿತ್ತು. ಕೇಳಿಸಿಕೊಂಡಿದ್ದಾರೆ, ಅದಕ್ಕೇ ಮುಖ ತಿರುಗಿಸಿದರು ಎಂದು ನನಗೆ ಖಚಿತವಾಯಿತು. ಮದುವೆಯಾದ ಹನ್ನೆರಡು ವರ್ಷದಲ್ಲಿ ನನಗೆ ಒಂದು ಮಾತು ಗಟ್ಟಿಯಾಗಿ ಆಡದ ಮನುಷ್ಯನ ಬಗ್ಗೆ, ಮರದ ತುದಿಯ ಎತ್ತರದಲ್ಲಿ, ಲೋಕಕ್ಕೆಲ್ಲ ಕೇಳುವ ಹಾಗೆ ಸಾರಿದ್ದೆ. ಕೆಳಗಿನ ನಿಲ್ದಾಣದಲ್ಲಿ ಇಳಿಯುವ ಗೊಡವೆಗೇ ಹೋಗಲಿಲ್ಲ. ಕೂತಲ್ಲೇ ಸುತ್ತಿಕೊಂಡು ಮತ್ತೆ ಮೇಲಕ್ಕೆ ಹೊರಟೆ. ಈಗಲಾದರೂ ಮೇಲೆ ಇಳಿದಿರುತ್ತಾರೆ ಎಂದುಕೊಂಡೆ. ಆದರೆ ನಾನು ಕೆಳಗೆ ಹೋದದ್ದನ್ನು ಕಣ್ಣಾರೆ ನೋಡಿದ ಅವರು, ಸೊಸೆ ಕೆಳಗೆ ಕಾಯುತ್ತಾಳೆ ಎಂದು ತಾವೂ ಕೆಳಗೆ ಹೊರಟಿದ್ದರು. ಮೂರನೆಯ ಸಲ ಎದುರಾದೆವು. ನಾನು ಬಾಯಿ ತೆರೆಯುವ ಮೊದಲೇ ಅವರು ಕೈಯೆತ್ತಿ ತಡೆದರು. ಬಯಲಿನಲ್ಲಿ ದೂರದ ಸಹಾಯಕನಿಗೆ ಹೇಳುವ ಹಾಗೆ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದರು.

"ವೀಣಾ, ನೀನು ಮೇಲೆ ಇಳಿದು ನಿಂತ್ಕೋ. ಕದಲಬೇಡ. ಇಬ್ಬರೂ ಹುಡುಕ್ತಾ ಹೋದ್ರೆ ಇಬ್ಬರೂ ಸಿಗಲ್ಲ. ಒಬ್ಬರು ನಿಂತಿರಬೇಕು."

ನಿಂತೆ. ಮೇಲಿನ ನಿಲ್ದಾಣದ ಹೆಂಗಸು, ನಿಮ್ಮ ತಂದೆ ಬಹಳ ಖುಷಿಯಲ್ಲಿದ್ದಾರೆ ಎಂದಳು. ನನ್ನ ಗಂಡನ ತಂದೆ ಎಂದೆ. ಖುಷಿಯ ವಿಷಯಕ್ಕೆ ತಿದ್ದುಪಡಿ ಮಾಡಲು ಹೋಗಲಿಲ್ಲ. ಒಂದೊಂದೇ ಕುರ್ಚಿ ಬರುತ್ತಿತ್ತು, ಒಬ್ಬೊಬ್ಬರೇ ಇಳಿಯುತ್ತಿದ್ದರು, ಎಲ್ಲರ ಮುಖದಲ್ಲೂ ರಜೆಯ ನಗು. ನನಗೆ ಮಾತ್ರ ಒಂದು ಗೊಂದಲ ಹತ್ತಿಕೊಂಡಿತು. ಅವರು ಹೇಳಿದ ಮಾತು ಮರೆವಿನವರು ಹೇಳುವ ಮಾತಲ್ಲ. ಹಾಗಿದ್ದರೆ ಆ ಹಸು ಯಾಕೆ? ಆ ಖಾರ ಯಾಕೆ? ಇಲ್ಲಿ ತಲೆ ಕೆಟ್ಟಿರುವುದು ಯಾರದು? ಯೋಚಿಸುತ್ತಿರುವಾಗಲೇ ಮಾವನವರ ಕುರ್ಚಿ ಬಂತು. ಸಲೀಸಾಗಿ ಇಳಿದರು. ಆ ಹೆಂಗಸಿಗೆ ಕೈಮುಗಿದರು. ನನ್ನಿಂದ ಟೋಪಿ ತೆಗೆದುಕೊಂಡು ತಲೆಗಿಟ್ಟುಕೊಂಡರು. ಇದೇನಾ ತುದಿ ಎಂದು ಕೇಳಿದರು. ಹೌದೆಂದೆ. ಕೆಳಗಿನಿಂದ ಏರಿದ್ದು ಐವತ್ತು ಅರವತ್ತು ಮೀಟರೂ ಇಲ್ಲ, ಇದನ್ನು ತುದಿ ಎಂದು ಯಾರಾದರೂ ಹೇಗೆ ನಂಬುವುದು, ಮುಂದೆ ಇನ್ನೂ ಏರುತ್ತದೆ ಎಂದು ಕೂತೇ ಇದ್ದೆ ಎಂದರು. ಕುರ್ಚಿ ತಿರುಗಿದ ಮೇಲೆ ತಪ್ಪು ಗೊತ್ತಾಯಿತಂತೆ, ಆದರೆ ಆಕಾಶದಲ್ಲಿ ಇಳಿಯುವುದೆಲ್ಲಿ.

ಕಲ್ಲುಬೆಂಚಿನ ಮೇಲೆ ಕೂತೆವು. ನಾನು ಅವರ ಎಡಕ್ಕೆ ಕೂರಹೋದೆ, ಅವರು ಈ ಕಡೆ ಬಾ ಎಂದು ಬಲಗಡೆಗೆ ಕೂರಿಸಿಕೊಂಡರು. ಮಾತ್ರೆ ನುಂಗಿದರು, ಚಿತ್ರಾನ್ನದ ಡಬ್ಬಿ ಮುಚ್ಚಳ ತೆಗೆದರು. ನಾನು, ತಪ್ಪಾಯಿತು ಮಾವ ಎಂದೆ. ಯಾಕೆ ಎಂದರು. ಫೋನಿನಲ್ಲಿ ಹೇಳಿದ್ದಕ್ಕೆ ಎಂದೆ. ಏನು ಹೇಳಿದೆ ಎಂದು ಕೇಳಿದರು. ಆಗ ನನಗೆ ಎರಡು ದಾರಿಗಳಿದ್ದವು. ಸುತ್ತಿ ಬಳಸಿ ಸಾಕಾಗಿತ್ತು. ಅಂದದ್ದನ್ನು ಅಂದ ಹಾಗೇ ಹೇಳಿಬಿಟ್ಟೆ. ಅವರು ಒಂದು ತುತ್ತು ನುಂಗಿ, ಕಡಲೆಬೇಳೆಯೊಂದನ್ನು ಹಲ್ಲಿನಿಂದ ಬಿಡಿಸಿಕೊಂಡರು.

"ಅದು ಹೊಸ ವಿಷಯ ಅಲ್ಲವಲ್ಲಮ್ಮ. ಅಡುಗೆಮನೇಲಿ ನೀವಿಬ್ಬರೂ ಮಾತಾಡಿದ್ದು ಕೇಳಿಸ್ತು. ಬಲಗಿವಿಗೆ."

ಎಡಗಿವಿ ಹೋಗಿ ಎರಡು ವರ್ಷವಾಯಿತಂತೆ. ಊರಿನಲ್ಲಿ ಅದರಿಂದ ಏನೂ ತೊಂದರೆ ಇರಲಿಲ್ಲ. ಅತ್ತೆ ಸದಾ ಬಲಕ್ಕೇ ಇದ್ದು, ಯಾರು ಏನು ಹೇಳಿದರೂ ಇನ್ನೊಂದು ಸಲ ಹೇಳುತ್ತಿದ್ದರು. ಅದು ಅತ್ತೆಯ ಚಾಳಿ ಎಂದು ನಾನೂ ಗಿರೀಶನೂ ಎಷ್ಟು ಸಲ ನಕ್ಕಿಲ್ಲ. ಕಾರಿನಲ್ಲಿ ಹೋದರೆ ಡ್ರೈವರ್ ಬಲಕ್ಕಿರುತ್ತಾನೆ, ಅವನ ಮಾತು ಬಲಗಿವಿಗೇ ಬೀಳುತ್ತದೆ. ಈ ದೇಶದಲ್ಲಿ ಕಾರೂ ತಿರುಗಿಕೊಂಡಿತು, ಊಟದ ಮೇಜಿನಲ್ಲೂ ಅವರನ್ನು ನಾವು ಗೋಡೆಗೆ ಬಲಗಿವಿ ಕೊಟ್ಟು ಕೂರಿಸಿದ್ದೆವು. ತಂತಿಯ ಮೇಲೂ ಎದುರು ಬರುವವರೆಲ್ಲ ಎಡಕ್ಕೇ ಬಂದರು. ಕತ್ತು ಹಿಂದಕ್ಕೆ ತಿರುಗಿಸಿದ್ದು ಬಲಗಿವಿಯನ್ನು ನನ್ನ ಕಡೆ ತರುವುದಕ್ಕಂತೆ. ಹಾಗಾದರೆ ಬೆಳಿಗ್ಗೆ ಕಾರಿನಲ್ಲಿ ನಾನು ಹೇಳಿದ್ದು ಎಂದು ಕೇಳಿದೆ. ಏನೋ ಬಹಳ ಹೊತ್ತು ಹೇಳುತ್ತಿದ್ದೆ, ಹಸು ಕಾಣುತ್ತಿದ್ದವು, ಅವುಗಳ ಬಗ್ಗೆಯೇ ಇರಬೇಕೆಂದುಕೊಂಡೆ, ನಿನಗೆ ದನಕರುವಿನ ಮೇಲೆ ಅಷ್ಟು ಮಮತೆ ಇದೆ ಎಂದು ಗೊತ್ತಿರಲಿಲ್ಲ ಎಂದರು.

ನನಗೆ ನಗು ಬಂತು. ನಗಬೇಕೋ ಬೇಡವೋ ತಿಳಿಯದೆ ತಡೆದುಕೊಂಡೆ. ಕಿವಿಯ ವಿಷಯ ಮೊದಲೇ ಹೇಳಬಾರದಿತ್ತೇ ಎಂದೆ. ಹೇಳಿದರೆ ಮಗ ಮೆಷಿನ್ ಹಾಕಿಸುತ್ತಾನೆ, ಅದು ಕುಯ್ಯೆನ್ನುತ್ತದೆ ಎಂದರು. ಆಮೇಲೆ ಕೆಳಗಿನ ಮಾಡುಗಳನ್ನು ನೋಡುತ್ತ ಮಾತು ಮುಂದುವರಿಸಿದರು. ಅವರ ಅಣ್ಣ ಕೊನೆಗಾಲದಲ್ಲಿ ಹೆಂಡತಿಯನ್ನು ನೋಡಿ, ಈ ಯಮ್ಮ ಯಾರು, ನಮ್ಮ ಮನೆಯಲ್ಲಿ ಯಾಕಿದ್ದಾಳೆ ಎಂದು ಕೇಳುತ್ತಿದ್ದರಂತೆ. ತಮಗೂ ಅದೇ ಬರುತ್ತಿದೆಯೇನೋ ಎಂಬ ಭಯ ಮೊದಲೇ ಇತ್ತಂತೆ, ಅಡುಗೆಮನೆಯಲ್ಲಿ ನಮ್ಮ ಪಟ್ಟಿ ಕೇಳಿದ ದಿನದಿಂದ ಅದು ಹೆಚ್ಚಾಯಿತಂತೆ. ಕಿವಿಯ ತಪ್ಪು ಯಾವುದು, ತಲೆಯ ತಪ್ಪು ಯಾವುದು ಎಂದು ತಮಗೇ ಬೇರೆ ಮಾಡಲಾಗಲಿಲ್ಲ ಎಂದರು. ಮರೆತವನಿಗೆ ಮರೆತದ್ದು ತಿಳಿಯುವುದಿಲ್ಲವಲ್ಲ. ಬೆಳಗಿನ ಗೊಣಗಾಟ ಆ ಭಯದ್ದು. ತಾವು ಕೆಲಸ ಮಾಡಿದ ಒಂದೊಂದು ಗುಡ್ಡದ ಹೆಸರು, ಅದರ ಎತ್ತರ. ದಿನವೂ ಒಪ್ಪಿಸಿ ನೋಡಿಕೊಳ್ಳುವುದು.

"ತಪ್ಪಾಗ್ತಿದೆಯಾ?" ಎಂದು ಕೇಳಿದೆ.

"ಇಲ್ಲ ಅನ್ನಿಸತ್ತೆ. ಆದ್ರೆ ಪರೀಕ್ಷೆ ಬರೆಯೋನೂ ನಾನೇ, ತಿದ್ದೋನೂ ನಾನೇ. ಅದನ್ನ ಹೆಂಗಮ್ಮ ನಂಬೋದು?"

ಮೊಬೈಲ್ ತೆಗೆದು, ಹೇಳಿ ಮಾವ, ನಾನು ತಿದ್ದುತ್ತೇನೆ ಎಂದೆ. ಅವರು ಕೈ ತೊಳೆದುಕೊಂಡು, ಟೋಪಿ ಸರಿಮಾಡಿಕೊಂಡು, ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತರು. ಮುಳ್ಳಯ್ಯನಗಿರಿ ಹೇಳಿದರು. ಹುಡುಕಿದೆ, ಸರಿ. ಶಿವಗಂಗೆ ಹೇಳಿದರು, ಸರಿ. ದೇವರಾಯನದುರ್ಗ ಎರಡು ಮೀಟರ್ ಹೆಚ್ಚು ಕಡಿಮೆ ಬಂತು. ನಾನು ತಪ್ಪು ಎನ್ನುವ ಮೊದಲೇ, ಅಲ್ಲಿ ಸರ್ವೆ ಕಲ್ಲು ನೆಟ್ಟವನು ನಾನು, ಫೋನಿನಲ್ಲಿ ಬರೆದವನು ಯಾರೋ ಎಂದರು. ಅವರಿಗೇ ಅಂಕ ಕೊಟ್ಟೆ. ಹದಿನೇಳು ಗುಡ್ಡ ಒಪ್ಪಿಸಿದರು. ಪಕ್ಕದ ಬೆಂಚಿನ ಡಚ್ ದಂಪತಿ ಇದು ಯಾವುದೋ ಪ್ರಾರ್ಥನೆಯೆಂದು ತಿಳಿದು ಮಾತು ನಿಲ್ಲಿಸಿ ಗೌರವದಿಂದ ಕೂತಿದ್ದರು. ಕೊನೆಯದೂ ಸರಿಯಿದೆ ಎಂದಾಗ ಮಾವನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ನಾನು ಆಚೆಯ ಕಾಡು ನೋಡಿದೆ. ಆಮೇಲೆ ಅವರು, ಡಾಕ್ಟರಿಗೂ ತೋರಿಸೋಣ, ಗುಡ್ಡ ಬಿಟ್ಟು ಬೇರೆ ಪ್ರಶ್ನೆ ಕೇಳುವವರೂ ಒಬ್ಬರು ಬೇಕಲ್ಲ ಎಂದರು. ಹೇಳಲಾಗದೆ ನಾನು ವಾರಗಟ್ಟಲೆ ಹೊತ್ತಿದ್ದ ಮಾತನ್ನು ಅವರೇ ಹೇಳಿ ಮುಗಿಸಿದರು.

ಇಳಿಯುವಾಗ ಒಂದೇ ಕುರ್ಚಿಯಲ್ಲಿ ಕೂತೆವು, ನಾನು ಬಲಕ್ಕೆ. ಊರಿಗೆ ಹೋದ ಮೇಲೆ ಹಾಸನದಲ್ಲಿ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕಂತೆ ಇದೆ, ಹೆದರುವಂಥದ್ದು ಏನೂ ಇಲ್ಲ ಎಂದರಂತೆ. ಅದು ಆಮೇಲಿನ ಮಾತು. ಅದಕ್ಕೆ ಮೊದಲು, ಬೆಟ್ಟದಿಂದ ಬಂದ ಮರುವಾರ, ಜೂಟರ್‌ಮೀರ್ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕಿವಿಯನ್ನೂ ನೋಡುತ್ತಾರೆಂದು ಅವರನ್ನು ಕರೆದುಕೊಂಡು ಹೋದೆ. ಅಲ್ಲಿನ ಹೆಂಗಸು ಅವರನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಏನೋ ಹಾಕಿ, ಕೇಳಿಸಿದಾಗ ಗುಂಡಿ ಒತ್ತಿ ಎಂದಳು. ಎಡಗಿವಿ ಬಹುಪಾಲು ಹೋಗಿದೆ, ಬಲಗಿವಿ ಉತ್ತಮ ಎಂದು ಬರೆದುಕೊಟ್ಟಳು. ಹೊರಡುವಾಗ ಮಾವನವರು ಅವಳಿಗೆ ಇಂಗ್ಲಿಷಿನಲ್ಲಿ, ಮೈ ಡಾಟರ್ ಇನ್ ಲಾ ಆಲ್ಸೋ ಎಂದರು. ಬೇಡ ಎಂದೆ. ಇಬ್ಬರೂ ಕೇಳಲಿಲ್ಲ. ಗೂಡಿನಲ್ಲಿ ಕೂತು ಗುಂಡಿ ಒತ್ತಿದೆ. ಆಕೆ ಕಾಗದ ನೋಡಿ ಹುಬ್ಬೇರಿಸಿದಳು. ಎರಡೂ ಕಿವಿ ಇಪ್ಪತ್ತರ ಹುಡುಗಿಯ ಕಿವಿಯ ಹಾಗಿವೆ, ಇಷ್ಟು ಸಣ್ಣ ದನಿ ಹಿಡಿಯುವವರು ಕಡಿಮೆ ಎಂದು ಮೆಚ್ಚಿಕೊಂಡಳು. ಮಾವನ ವರದಿಯನ್ನು ಗಿರೀಶನಿಗೆ ತೋರಿಸಿದೆ, ಅತ್ತೆಗೆ ಫೋಟೊ ತೆಗೆದು ಕಳಿಸಿದೆ. ನನ್ನದನ್ನು ಯಾರಿಗೂ ತೋರಿಸಿಲ್ಲ. ಸ್ವಲ್ಪ ಕಿವಿ ಮಂದ ಎಂದು ಬರೆದಿದ್ದರೆ, ಮಾವನವರ ಕಷ್ಟ ನನಗೆ ಕೇಳಿಸದೇ ಹೋದದ್ದಕ್ಕೆ ನೆಪ ಹೇಳಲಾದರೂ ಆಗುತ್ತಿತ್ತು.